ಓದು ಮತ್ತು ತುರ್ತು ಸೇವೆ: ಕಾಲೇಜು ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಯಂಸೇವಕರ ತುರ್ತು ಸೇವಾ ತಂಡವೊಂದರಲ್ಲಿ ಸರದಿ ಪಟ್ಟಿ ಹಾಕುವುದು ಮತ್ತು ಹೊಸಬರಿಗೆ ತರಬೇತಿ ಕೊಡುವುದು ನನ್ನ ಹೊಣೆ. ಸೇರಲು ಬರುವವರಲ್ಲಿ ಹೆಚ್ಚಿನವರು ಕಾಲೇಜು ವಿದ್ಯಾರ್ಥಿಗಳು. ತರಬೇತಿಯ ಬಿಡುವಿನಲ್ಲಿ, ಪತ್ರಗಳಲ್ಲಿ, ಪಾಳಿ ಮುಗಿಸಿ ಕೈ ತೊಳೆಯುತ್ತ ನಿಂತಾಗ ಅವರು ಕೇಳುವ ಪ್ರಶ್ನೆಗಳು ವರ್ಷ ಬದಲಾದರೂ ಬದಲಾಗುವುದಿಲ್ಲ. ಅವುಗಳನ್ನು ಅವರದೇ ಮಾತಿನಲ್ಲಿಟ್ಟು ಉತ್ತರಿಸಿದ್ದೇನೆ. ನಿಯಮಗಳು ದೇಶಕ್ಕೆ, ತಂಡಕ್ಕೆ ತಕ್ಕಂತೆ ಬೇರೆಯಾಗುತ್ತವೆ. ಅಂಥಲ್ಲಿ ನಿಮ್ಮ ತಂಡದ ಲಿಖಿತ ನಿಯಮವನ್ನೇ ಅನುಸರಿಸಿ.

## ಸೇರುವ ಮುನ್ನ

ಸ್ವಯಂಸೇವಕರು ನಿಜವಾಗಿ ಏನು ಮಾಡುತ್ತಾರೆ? ದಿನವೂ ಅಪಘಾತ, ರಕ್ತ ನೋಡಬೇಕಾಗುತ್ತದೆಯೇ?

ಇಲ್ಲ. ಪಾಳಿಯ ಬಹುಪಾಲು ಕಾಯುವುದರಲ್ಲೇ ಕಳೆಯುತ್ತದೆ. ಬರುವ ಕರೆಗಳಲ್ಲೂ ತಲೆಸುತ್ತಿ ಬಿದ್ದವರು, ಉಸಿರಾಟಕ್ಕೆ ಕಷ್ಟಪಡುತ್ತಿರುವವರು, ಎದೆನೋವಿನವರು, ಜಾರಿಬಿದ್ದ ವೃದ್ಧರು, ರಕ್ತದ ಸಕ್ಕರೆ ಕುಸಿದವರು ಸಾಮಾನ್ಯ. ಸ್ಥಳ ಸುರಕ್ಷಿತವಾಗಿದೆಯೇ ಎಂದು ನೋಡುವುದು, ಪ್ರಜ್ಞೆ ಮತ್ತು ಉಸಿರನ್ನು ಪರೀಕ್ಷಿಸುವುದು, ರಕ್ತಸ್ರಾವವನ್ನು ಒತ್ತಿ ತಡೆಯುವುದು, ಬೇಕಾದರೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದು) ಆರಂಭಿಸಿ ಎಇಡಿ (ಹೃದಯದ ಬಡಿತ ಸರಿಪಡಿಸಲು ವಿದ್ಯುತ್ ಆಘಾತ ಕೊಡುವ ಸಾಧನ) ಬಳಸುವುದು, ಆಂಬುಲೆನ್ಸ್ ಬಂದಾಗ ಕಂಡದ್ದನ್ನು ಸ್ಪಷ್ಟವಾಗಿ ಹೇಳಿ ರೋಗಿಯನ್ನು ಒಪ್ಪಿಸುವುದು ನಿಮ್ಮ ಕೆಲಸ.

ಆಮೇಲೆ ವರದಿ ಬರೆಯಬೇಕು, ಚೀಲದಲ್ಲಿ ಖಾಲಿಯಾದ ಸಾಮಗ್ರಿ ತುಂಬಬೇಕು, ಸಮವಸ್ತ್ರ ಒಗೆಯಬೇಕು. ಈ ಸಮಯವನ್ನು ಹೊಸಬರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಳಿ ಆರು ಗಂಟೆಗೆ ಮುಗಿಯುತ್ತದೆ ಎಂದಿದ್ದರೆ ಏಳು ಗಂಟೆಯವರೆಗೆ ಬೇರೇನನ್ನೂ ಒಪ್ಪಿಕೊಳ್ಳಬೇಡಿ.

ನಾನು ವಾಣಿಜ್ಯ ವಿಭಾಗದವಳು. ವೈದ್ಯಕೀಯ ಓದದವರಿಂದ ಇದು ಸಾಧ್ಯವೇ?

ಖಂಡಿತ ಸಾಧ್ಯ. ಈ ಸೇವೆಯ ಇತಿಹಾಸವನ್ನೇ ನೋಡಿ. 1859ರಲ್ಲಿ ಇಟಲಿಯ ಸೊಲ್ಫೆರಿನೊ ಯುದ್ಧದ ನಂತರ ಗಾಯಾಳುಗಳ ಆರೈಕೆಗೆ ಊರಿನ ಜನರನ್ನು ಒಗ್ಗೂಡಿಸಿದ ಹೆನ್ರಿ ಡ್ಯುನಾಂಟ್ ವೈದ್ಯರಾಗಿರಲಿಲ್ಲ, ಜಿನೀವಾದ ವ್ಯಾಪಾರಿಯಾಗಿದ್ದರು. ಆ ಅನುಭವದಿಂದಲೇ ಮುಂದೆ ರೆಡ್ ಕ್ರಾಸ್ ಹುಟ್ಟಿತು. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಆರಂಭವಾದ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆಗೆ ಸೇರಿದ ಕಪ್ಪು ಯುವಕರಲ್ಲಿ ಅನೇಕರು ಕೆಲಸವಿಲ್ಲದೆ ಕುಳಿತಿದ್ದವರು. ಸಿಪಿಆರ್‌ಗೆ ರೂಪ ಕೊಟ್ಟವರಲ್ಲಿ ಒಬ್ಬರಾದ ವೈದ್ಯ ಪೀಟರ್ ಸಫರ್ ಈ ಯುವಕರ ತರಬೇತಿಗೆ ದಾರಿ ತೋರಿದರು. ಆಸ್ಪತ್ರೆಯ ಹೊರಗೇ ಚಿಕಿತ್ಸೆ ಆರಂಭಿಸುವ ಇಂದಿನ ಪದ್ಧತಿಗೆ ಆ ಯುವಕರು ಮೊದಲಿಗರ ಸಾಲಿನಲ್ಲಿ ನಿಲ್ಲುತ್ತಾರೆ.

ಓದಿದ ವಿಷಯ ಯಾವುದೆಂದು ನಾನು ಕೇಳುವುದಿಲ್ಲ. ಹೇಳಿದ ಹೊತ್ತಿಗೆ ಬರುತ್ತೀರಾ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪುತ್ತೀರಾ ಎಂಬ ಎರಡನ್ನು ನೋಡುತ್ತೇನೆ.

ಈಗಷ್ಟೇ ಮೊದಲ ವರ್ಷಕ್ಕೆ ಸೇರಿದ್ದೇನೆ. ಕೂಡಲೇ ಸೇವೆಗೆ ಸೇರಲೇ, ಕಾಯಲೇ?

ಮೊದಲ ಸೆಮಿಸ್ಟರ್ ಕಾಯಿರಿ. ಕಾಲೇಜಿನ ಓದು ಎಷ್ಟು ಹೊತ್ತು ಬೇಡುತ್ತದೆ, ಯಾವ ವಿಷಯ ನಿಮ್ಮನ್ನು ಕಾಡುತ್ತದೆ, ಪ್ರಯೋಗಾಲಯದ ದಿನ ಎಷ್ಟು ದಣಿವಾಗುತ್ತದೆ ಎಂಬುದು ನಿಮಗಿನ್ನೂ ತಿಳಿದಿಲ್ಲ. ಅದು ತಿಳಿಯದೆ ಇನ್ನೊಬ್ಬರಿಗೆ ಸಮಯದ ಮಾತು ಕೊಡಲಾಗದು. ಸುಮ್ಮನೆ ಕಾಯಬೇಕಿಲ್ಲ: ಆ ಅವಧಿಯಲ್ಲಿ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್‌ನ ಮೂಲ ತರಬೇತಿ ಮುಗಿಸಿ, ಲಸಿಕೆಗಳನ್ನು ಆರಂಭಿಸಿ. ಹೆಪಟೈಟಿಸ್ ಬಿ ಲಸಿಕೆಯ ಸಾಮಾನ್ಯ ಕ್ರಮದಲ್ಲಿ ಮೂರು ಡೋಸ್‌ಗಳಿದ್ದು, ಮೊದಲನೆಯದರಿಂದ ಕೊನೆಯದಕ್ಕೆ ಆರು ತಿಂಗಳು ಹಿಡಿಯುತ್ತದೆ. ಪಾಳಿ ಶುರುವಾಗುವ ವಾರ ಲಸಿಕೆಯ ನೆನಪಾದವರನ್ನು ರೋಗಿಯ ಬಳಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ವಾರಕ್ಕೆ ಎಷ್ಟು ಗಂಟೆ ಕೊಟ್ಟರೆ ಸರಿ?

ಆರಂಭಕ್ಕೆ ವಾರಕ್ಕೊಂದು ಪಾಳಿ, ಅದೂ ನಾಲ್ಕರಿಂದ ಆರು ಗಂಟೆ. ತಿಂಗಳಲ್ಲಿ ಒಂದೆರಡು ತರಬೇತಿ ದಿನಗಳು. ಒಂದು ಸೆಮಿಸ್ಟರ್ ಹೀಗೆ ನಡೆಸಿ, ಅಂಕ ಮತ್ತು ನಿದ್ದೆ ಎರಡೂ ಕೆಡದಿದ್ದರೆ ಹೆಚ್ಚಿಸಬಹುದು. ಪೂರ್ಣಾವಧಿ ವಿದ್ಯಾರ್ಥಿಗೆ ವಾರಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚಿನ ಪಾಳಿಯನ್ನು ನಾನು ಹಾಕುವುದಿಲ್ಲ. ಓದಿನ ಜೊತೆಗೆ ದುಡಿಮೆಯೂ ಇರುವವರಿಗೆ ಅದರ ಅರ್ಧವೂ ಹೆಚ್ಚಾಗಬಹುದು.

ಮನೆಯವರು ಬೇಡವೇ ಬೇಡ ಎನ್ನುತ್ತಿದ್ದಾರೆ. ಹೇಗೆ ಒಪ್ಪಿಸಲಿ?

ಅವರ ಭಯ ಎರಡು ಬಗೆಯದು: ನಿಮಗೇನಾದರೂ ಆದೀತು, ಓದು ಹಾಳಾದೀತು. ಸೇವೆಯ ಮಹತ್ವವನ್ನು ವಿವರಿಸುವುದರಿಂದ ಎರಡೂ ಕರಗುವುದಿಲ್ಲ. ಮೊದಲನೆಯದಕ್ಕೆ, ತಂಡದ ಸುರಕ್ಷತಾ ನಿಯಮಗಳನ್ನು, ವಿಮೆಯ ವಿವರವನ್ನು, ಹೊಸಬರು ಒಬ್ಬರೇ ಹೋಗುವಂತಿಲ್ಲ ಎಂಬ ನಿಯಮವನ್ನು ಅವರ ಮುಂದಿಡಿ. ಆಗುವುದಾದರೆ ತಂಡದ ಹಿರಿಯರೊಬ್ಬರ ಜೊತೆ ಮಾತನಾಡಿಸಿ. ಎರಡನೆಯದಕ್ಕೆ, ಅಂಕಗಳು ಎಲ್ಲಿಗೆ ಇಳಿದರೆ ಪಾಳಿ ನಿಲ್ಲಿಸುತ್ತೀರಿ ಎಂಬುದನ್ನು ನೀವೇ ಮೊದಲು ಹೇಳಿ, ಹೇಳಿದಂತೆ ನಡೆಯಿರಿ. ಮನೆಯಲ್ಲಿ ಸುಳ್ಳು ಹೇಳಿ ಪಾಳಿಗೆ ಬರುವವರನ್ನು ನಾನು ಒಪ್ಪಲಾರೆ. ಅವರಿಗೆ ಪೆಟ್ಟಾದರೆ ಆ ರಾತ್ರಿ ಮನೆಗೆ ಫೋನ್ ಮಾಡಬೇಕಾದವರು ನಾವು.

## ವೇಳಾಪಟ್ಟಿ, ತರಗತಿ, ಪಾಳಿ

ಪಾಳಿಯನ್ನು ಹೇಗೆ ಆರಿಸಿಕೊಳ್ಳಲಿ? ಖಾಲಿ ಇರುವ ಹೊತ್ತನ್ನೆಲ್ಲ ಕೊಟ್ಟರಾಯಿತಲ್ಲ?

ವೇಳಾಪಟ್ಟಿಯಲ್ಲಿ ಖಾಲಿ ಕಾಣುವ ಹೊತ್ತೆಲ್ಲ ಖಾಲಿಯಲ್ಲ. ಸೆಮಿಸ್ಟರ್‌ನ ಮೊದಲ ವಾರ ಕ್ಯಾಲೆಂಡರ್ ಹಿಡಿದು ಕುಳಿತು ಆಂತರಿಕ ಪರೀಕ್ಷೆಗಳು, ಅಸೈನ್‌ಮೆಂಟ್ ಸಲ್ಲಿಸುವ ದಿನಗಳು, ಪ್ರಾಯೋಗಿಕ ಪರೀಕ್ಷೆ, ಪ್ರಾಜೆಕ್ಟ್ ಮಂಡನೆ ಎಲ್ಲವನ್ನೂ ಗುರುತು ಹಾಕಿ. ಪ್ರತಿ ಪರೀಕ್ಷೆಗೂ ಹಿಂದಿನ ಮೂರು ನಾಲ್ಕು ದಿನಗಳನ್ನು ಅದಕ್ಕೇ ಸೇರಿಸಿ. ಆಮೇಲೆ ನಿದ್ದೆ. ಆಮೇಲೆ ದಿನದ ಓದು. ಇಷ್ಟೆಲ್ಲ ಆದ ಮೇಲೆ ಉಳಿದದ್ದು ಪಾಳಿಗೆ.

ವಿದ್ಯಾರ್ಥಿಗಳು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಪಾಳಿ ಒಪ್ಪಿಕೊಂಡು, ಪರೀಕ್ಷೆ ಹತ್ತಿರ ಬಂದಾಗ ಒಂದೊಂದಾಗಿ ರದ್ದು ಮಾಡುತ್ತ ಬರುತ್ತಾರೆ. ತಂಡಕ್ಕೆ ಇದು ತುಂಬ ಕಷ್ಟ. ತಿಂಗಳಿಗೆ ಮೂರೇ ಪಾಳಿ ಕೊಟ್ಟು ಮೂರಕ್ಕೂ ತಪ್ಪದೆ ಬರುವ ಹುಡುಗಿಯ ಮೇಲೆ ಭಾರ ಹಾಕಿ ನಾನು ಪಟ್ಟಿ ಮಾಡಬಲ್ಲೆ. ಹತ್ತು ಪಾಳಿಗೆ ಹೆಸರು ಕೊಟ್ಟು ಐದಕ್ಕೆ ಬರುವವನ ಹೆಸರಿನ ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬರನ್ನು ಹಿಡಿದಿಟ್ಟಿರಬೇಕಾಗುತ್ತದೆ. ಬರಲಾಗದ ದಿನಗಳನ್ನು ತಿಂಗಳ ಮೊದಲೇ ತಿಳಿಸುವುದು ಸೇವೆಯ ಒಂದು ಭಾಗ ಎಂದೇ ನಾನು ತಿಳಿದಿದ್ದೇನೆ, ಬರುವ ದಿನಗಳಷ್ಟೇ ಮುಖ್ಯವಾದ ಭಾಗ.

ಇನ್ನೊಂದು ಮಾತು: ತೂಕದ ವಿಷಯದ ತರಗತಿ ಇರುವ ದಿನದ ಹಿಂದಿನ ರಾತ್ರಿ ಪಾಳಿ ಬೇಡ.

ತರಗತಿ ನಡೆಯುತ್ತಿರುವಾಗ ಕರೆ ಬಂದರೆ ಎದ್ದು ಹೋಗಬಹುದೇ?

ಆ ಹೊತ್ತಿಗೆ ನೀವು ಪಾಳಿಯಲ್ಲಿ ಇಲ್ಲದಿದ್ದರೆ ಹೋಗಬೇಡಿ. ಪಾಳಿಯಲ್ಲಿರುವವರು ಹೋಗುತ್ತಾರೆ, ಅದಕ್ಕಾಗಿಯೇ ಪಟ್ಟಿ ಇರುವುದು. ಕರೆಯ ಸದ್ದಿಗೆಲ್ಲ ಓಡುವವರಿಂದ ಸ್ಥಳದಲ್ಲಿ ಗುಂಪು ಸೇರುತ್ತದೆ, ಯಾರು ಏನು ಮಾಡಬೇಕೆಂಬುದು ಕಲಸಿಹೋಗುತ್ತದೆ. ತರಗತಿಗೆ ಕೂರುವ ಮೊದಲು ಕರೆಯ ಸಾಧನವನ್ನು ಮೌನಕ್ಕಿಡಿ.

ಕಾಲೇಜಿನ ಆವರಣದೊಳಗಿನದೇ ತಂಡವಾಗಿದ್ದು, ತರಗತಿಯ ಹೊತ್ತಿನಲ್ಲೂ ನಿಮ್ಮನ್ನು ಪಟ್ಟಿಯಲ್ಲಿ ಇಟ್ಟಿದ್ದರೆ ಮಾತು ಬೇರೆ. ಆಗ ಬಾಗಿಲ ಬಳಿ ಕುಳಿತುಕೊಳ್ಳಿ, ಅಧ್ಯಾಪಕರಿಗೆ ಮುಂಚೆಯೇ ತಿಳಿಸಿರಿ, ನೋಟ್ಸ್ ಕೊಡುವ ಗೆಳೆಯರೊಬ್ಬರನ್ನು ಗೊತ್ತು ಮಾಡಿಕೊಳ್ಳಿ. ಪರೀಕ್ಷಾ ಕೊಠಡಿ ಮತ್ತು ಪ್ರಯೋಗಾಲಯದಿಂದ ಮಾತ್ರ ಎಂದೂ ಎದ್ದು ಹೋಗುವಂತಿರಬಾರದು. ಆಮ್ಲ ಕಾಯುತ್ತಿರುವಾಗ ಹಾಗೇ ಬಿಟ್ಟು ಓಡಿದರೆ ಎರಡನೆಯ ತುರ್ತನ್ನು ನೀವೇ ಸೃಷ್ಟಿಸಿದಂತೆ.

ಕಣ್ಣೆದುರೇ ಯಾರಾದರೂ ಕುಸಿದರೆ ಈ ಯಾವ ಲೆಕ್ಕವೂ ಇಲ್ಲ. ಹೃದಯ ಸ್ತಂಭನದಲ್ಲಿ ಸಿಪಿಆರ್ ಮತ್ತು ಎಇಡಿ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಸುಮಾರು 7ರಿಂದ 10 ಶೇಕಡಾ ಇಳಿಯುತ್ತದೆ. ಪಾಳಿ ಇರಲಿ ಇಲ್ಲದಿರಲಿ, ಕೈ ಹಚ್ಚಿ.

ಅಧ್ಯಾಪಕರಿಗೆ ಹೇಳಬೇಕೇ? ಹೇಳಿದರೆ ರಿಯಾಯಿತಿ ಕೇಳಿದಂತಾಗುವುದಿಲ್ಲವೇ?

ಹೇಳಿ, ಆದರೆ ಸೆಮಿಸ್ಟರ್‌ನ ಆರಂಭದಲ್ಲೇ ಹೇಳಿ. ಏನೂ ಕೇಳಬೇಕಿಲ್ಲದ ಹೊತ್ತಿನಲ್ಲಿ ಹೇಳಿದ ಮಾತಿಗೆ ಬೆಲೆ ಇರುತ್ತದೆ. ಅಸೈನ್‌ಮೆಂಟ್ ಗಡುವು ಮುಗಿದ ಮರುದಿನ ಮೊದಲ ಬಾರಿಗೆ ಬಾಯಿಬಿಟ್ಟರೆ ಅದು ನೆಪದಂತೆ ಕೇಳಿಸುವುದು ಸಹಜ. ತಂಡದಿಂದ ಒಂದು ಪತ್ರ ತೆಗೆದುಕೊಂಡು ಹೋಗಿ ಹೀಗೆ ಹೇಳಬಹುದು: "ವಾರಕ್ಕೊಂದು ಪಾಳಿ ಮಾಡುತ್ತೇನೆ, ತರಗತಿಯ ಹೊತ್ತಿನಲ್ಲಿ ಪಾಳಿ ಇಲ್ಲ. ಅಪರೂಪಕ್ಕೆ ಕರೆ ತಡವಾಗಿ ಮುಗಿದರೆ ಅದೇ ದಿನ ನಿಮಗೆ ತಿಳಿಸುತ್ತೇನೆ."

ಹಾಜರಾತಿಯಲ್ಲಿ ವಿನಾಯಿತಿ ಸಿಗುತ್ತದೆ ಎಂದು ಊಹಿಸಬೇಡಿ. ಕೆಲವು ಕಾಲೇಜುಗಳು ಕೊಡುತ್ತವೆ, ಹಲವು ಕೊಡುವುದಿಲ್ಲ. ಬಾಯಿಮಾತಿನ ಒಪ್ಪಿಗೆ ಸೆಮಿಸ್ಟರ್‌ನ ಕೊನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ, ಬರಹದಲ್ಲಿ ಪಡೆಯಿರಿ.

ಪಾಳಿಯಲ್ಲಿ ಬಿಡುವು ಸಿಗುತ್ತದಲ್ಲ, ಅಲ್ಲೇ ಓದಿಕೊಳ್ಳಬಹುದೇ?

ಓದಬಹುದು, ಆದರೆ ಎಲ್ಲ ಬಗೆಯ ಓದೂ ಅಲ್ಲಿ ಸಾಗದು. ಕರೆ ಯಾವಾಗ ಬಂದೀತೋ ಎಂಬ ಎಚ್ಚರ ಮನಸ್ಸಿನ ಒಂದು ಭಾಗವನ್ನು ಹಿಡಿದಿಟ್ಟಿರುತ್ತದೆ. ಹೊಸ ಪ್ರಮೇಯ ಅರ್ಥ ಮಾಡಿಕೊಳ್ಳುವುದು, ದೀರ್ಘ ಪ್ರಬಂಧ ಬರೆಯುವುದು ಅಲ್ಲಿ ಬೇಡ. ತುಂಡು ತುಂಡಾಗಿ ಮಾಡಬಹುದಾದ ಕೆಲಸ ಒಯ್ಯಿರಿ: ಪ್ರಶ್ನೆ ಚೀಟಿಗಳಿಂದ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವುದು, ಸೂತ್ರ ಮತ್ತು ವ್ಯಾಖ್ಯೆಗಳ ಮನನ, ಹಳೆಯ ಪ್ರಶ್ನೆಪತ್ರಿಕೆಯ ಸಣ್ಣ ಪ್ರಶ್ನೆಗಳು. ಪುಸ್ತಕವನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಮುಚ್ಚಿಟ್ಟು ನೆನಪಿನಿಂದ ಹೇಳಿಕೊಳ್ಳುವುದು ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಕಲಿಕೆಯ ಕುರಿತ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅದೃಷ್ಟವಶಾತ್ ಪಾಳಿಯ ಚೂರು ಬಿಡುವಿಗೆ ಹೊಂದುವುದೂ ಅದೇ.

ಪಾಳಿ ಹತ್ತಿದ ಕೂಡಲೇ ಪುಸ್ತಕ ತೆರೆಯಬೇಡಿ. ಮೊದಲು ಆಮ್ಲಜನಕದ ಸಿಲಿಂಡರ್, ಎಇಡಿಯ ಬ್ಯಾಟರಿ ಮತ್ತು ಪ್ಯಾಡ್, ಕೈಗವಸು, ಬ್ಯಾಂಡೇಜ್ ಎಲ್ಲವನ್ನೂ ನೋಡಿ ಮುಗಿಸಿ. ನಾಳೆ ಗಡುವು ಇರುವ ಕೆಲಸವನ್ನು ಇಂದಿನ ಪಾಳಿಯ ಬಿಡುವಿಗೆ ನಂಬಿ ಬಿಡುವುದಂತೂ ಸಲ್ಲದು. ಬಿಡುವೇ ಇಲ್ಲದ ಪಾಳಿಗಳೂ ಇರುತ್ತವೆ.

ರಾತ್ರಿ ಪಾಳಿ ಮುಗಿಸಿ ನೇರವಾಗಿ ತರಗತಿಗೆ ಹೋಗುತ್ತೇನೆ. ನನಗೇನೂ ಆಗುತ್ತಿಲ್ಲ. ಇದರಲ್ಲಿ ತಪ್ಪೇನು?

ತಪ್ಪಿದೆ. "ನನಗೇನೂ ಆಗುತ್ತಿಲ್ಲ" ಎಂಬ ಮಾತೇ ನನಗೆ ಹೆಚ್ಚು ಚಿಂತೆ ಹುಟ್ಟಿಸುತ್ತದೆ. ನಿದ್ದೆಗೆಟ್ಟವರು ತಮ್ಮ ಸ್ಥಿತಿಯನ್ನು ತಾವು ಸರಿಯಾಗಿ ಅಳೆಯಲಾರರು. 1997ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, 17 ಗಂಟೆ ನಿರಂತರ ಎಚ್ಚರವಿದ್ದವರ ಸಾಮರ್ಥ್ಯ ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯ ಹೊತ್ತಿಗೆ ಅದು 0.10 ಶೇಕಡಾ ಮಟ್ಟದ್ದಾಗಿತ್ತು. ಅನೇಕ ದೇಶಗಳಲ್ಲಿ ಅಷ್ಟು ಮದ್ಯ ರಕ್ತದಲ್ಲಿದ್ದರೆ ವಾಹನ ಓಡಿಸುವುದು ಅಪರಾಧ. ಬೆಳಿಗ್ಗೆ ಏಳಕ್ಕೆ ಎದ್ದು, ದಿನವಿಡೀ ತರಗತಿ ಮುಗಿಸಿ, ರಾತ್ರಿ ಪಾಳಿಗೆ ಬಂದವನು ನಡುರಾತ್ರಿಯ ಹೊತ್ತಿಗೇ 17 ಗಂಟೆ ದಾಟಿರುತ್ತಾನೆ. ಆಮೇಲೆ ಅವನು ಔಷಧದ ಹೆಸರು ಓದಬೇಕು, ರಕ್ತದೊತ್ತಡದ ಅಂಕಿ ಬರೆಯಬೇಕು, ಬೆಳಗಾದ ಮೇಲೆ ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕು.

ದೇಹದ ಗಡಿಯಾರದ ಪ್ರಕಾರ ನಮ್ಮ ಎಚ್ಚರ ಅತಿ ಕೆಳಗಿಳಿಯುವುದು ಬೆಳಗಿನ ಜಾವ ಮೂರರಿಂದ ಐದರ ಆಸುಪಾಸಿನಲ್ಲಿ. ಗಾಢ ನಿದ್ದೆಯಿಂದ ಕರೆಗೆ ಎದ್ದಾಗಲೂ ಹದಿನೈದರಿಂದ ಮೂವತ್ತು ನಿಮಿಷ ಬುದ್ಧಿ ಮಂದವಾಗಿರುತ್ತದೆ. ಕಾಫಿ ಕುಡಿದರೆ ಸರಿಹೋಗುತ್ತದೆ ಎನ್ನುವವರು ಗಮನಿಸಬೇಕು: ಕೆಫೀನ್‌ನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಪಾಳಿಯ ಕೊನೆಯಲ್ಲಿ ಕುಡಿದ ಕಾಫಿ ನೀವು ಮಲಗಬೇಕಾದ ಹೊತ್ತನ್ನೇ ಕದಿಯುತ್ತದೆ.

ಓದಿಗೂ ಇದರಿಂದ ನೇರ ಹಾನಿ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿಯ ನಿದ್ದೆ ತಪ್ಪಿಸಿ ತರಗತಿಯಲ್ಲಿ ಕುಳಿತರೆ ಹಿಂದಿನ ದಿನದ ಪಾಠವೂ ಇಂದಿನ ಪಾಠವೂ ಹೋಗುತ್ತವೆ.

ನನ್ನ ತಂಡದ ವಿದ್ಯಾರ್ಥಿಗಳಿಗೆ ನಾನು ಹಾಕಿರುವ ಕಟ್ಟುಪಾಡು ಇದು: ಮರುದಿನ ತರಗತಿ ಇದ್ದರೆ ಇಡೀ ರಾತ್ರಿಯ ಪಾಳಿ ಇಲ್ಲ. ರಾತ್ರಿ ಪಾಳಿ ಮಾಡುವುದಾದರೆ ಅದಕ್ಕೆ ಮುನ್ನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಬೇಕು. ಪಾಳಿ ಮುಗಿದ ಮೇಲೆ ನಿದ್ದೆ ತಡೆಯಲಾಗದಿದ್ದರೆ ನಮ್ಮ ತಂಡದ ಠಾಣೆಯಲ್ಲೇ ಮಲಗಿ ಆಮೇಲೆ ಹೊರಡಬೇಕು. ನಿದ್ದೆಗೆಟ್ಟು ಗಾಡಿ ಓಡಿಸುವುದರಲ್ಲಿ ಯಾವ ಶೌರ್ಯವೂ ಇಲ್ಲ.

ಪರೀಕ್ಷೆಯ ವಾರ ಬಿಡುವು ಕೇಳಲು ನಾಚಿಕೆಯಾಗುತ್ತದೆ. ತಂಡಕ್ಕೆ ಮೋಸ ಮಾಡಿದಂತೆ ಅನ್ನಿಸುತ್ತದೆ.

ಮುಂಚಿತವಾಗಿ ತಿಳಿಸಿದರೆ ಅದರಲ್ಲಿ ಮೋಸ ಏನಿಲ್ಲ. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ವಾರ ಪರೀಕ್ಷೆ ಬರುತ್ತದೆ ಎಂಬುದು ತಂಡ ನಡೆಸುವವರಿಗೆ ತಿಳಿದಿರಬೇಕು. ಆ ವಾರಕ್ಕೆ ಉದ್ಯೋಗಸ್ಥ ಸ್ವಯಂಸೇವಕರನ್ನೋ ಹಳೆಯ ಸದಸ್ಯರನ್ನೋ ಹೊಂದಿಸುವುದು ಅವರ ಕರ್ತವ್ಯ. ವಿದ್ಯಾರ್ಥಿಗಳ ಪಾಪಪ್ರಜ್ಞೆಯ ಮೇಲೆ ಪಟ್ಟಿ ನಡೆಸುವ ತಂಡ ಸರಿಯಾದ ತಂಡವಲ್ಲ. ಬಿಡುವು ಕೇಳಿದ್ದಕ್ಕೆ ನಿಮ್ಮನ್ನು ಹೀಯಾಳಿಸುತ್ತಿದ್ದರೆ ಬೇರೆ ತಂಡ ಹುಡುಕಿಕೊಳ್ಳಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಎರಡು ತಿಂಗಳು ಬಿಟ್ಟು ಮರಳಿದರೆ ಕಲಿತದ್ದೆಲ್ಲ ಮರೆತಿರುತ್ತದೆಯೇ?

ಎಲ್ಲವೂ ಮರೆಯುವುದಿಲ್ಲ, ಆದರೆ ನೀವು ಅಂದುಕೊಂಡದ್ದಕ್ಕಿಂತ ಬೇಗ ಮಾಸುತ್ತದೆ. ತರಬೇತಿಯ ನಂತರ ಅಭ್ಯಾಸವಿಲ್ಲದಿದ್ದರೆ ಸಿಪಿಆರ್‌ನ ಕೌಶಲ ಮೂರರಿಂದ ಆರು ತಿಂಗಳೊಳಗೇ ಕುಸಿಯುತ್ತದೆ. ಪ್ರಮಾಣಪತ್ರದ ಅವಧಿ ಇನ್ನೂ ಇದೆ ಎಂಬುದು ಕೈಗೆ ತಿಳಿಯುವುದಿಲ್ಲ. ವಯಸ್ಕರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್, 6ಕ್ಕಿಂತ ಹೆಚ್ಚಾಗದಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು, ಪ್ರತಿ ಬಾರಿ ಎದೆ ಪೂರ್ತಿ ಮೇಲೇಳಲು ಬಿಡಬೇಕು, 30 ಒತ್ತುವಿಕೆಗೆ 2 ಉಸಿರು. ಇದನ್ನು ಬರೆದು ಹತ್ತು ಅಂಕ ಪಡೆಯುವವರೂ ತರಬೇತಿಯ ಬೊಂಬೆಯ ಮೇಲೆ ಮೇಲುಮೇಲೆ ಒತ್ತುವುದನ್ನು ನೋಡುತ್ತಿರುತ್ತೇನೆ.

ಬಿಡುವಿನ ತಿಂಗಳಲ್ಲೂ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಬಂದು ಬೊಂಬೆಯ ಮೇಲೆ ಅಭ್ಯಾಸ ಮಾಡಿ ಹೋಗಿ. ಮರಳಿದ ಮೊದಲ ಪಾಳಿಯನ್ನು ಹಿರಿಯರ ಜೊತೆಗೇ ಮಾಡಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ಮರೆವಿನ ಕುರಿತು ಪ್ರಕಟಿಸಿದ ಪ್ರಯೋಗಗಳ ಕಾಲದಿಂದಲೂ ತಿಳಿದಿರುವ ವಿಷಯ ಇದು: ಒಮ್ಮೆಗೇ ಬಹಳ ಹೊತ್ತು ಕಲಿಯುವುದಕ್ಕಿಂತ ಅಂತರ ಬಿಟ್ಟು ಸ್ವಲ್ಪ ಸ್ವಲ್ಪ ಕಲಿತದ್ದು ಉಳಿಯುತ್ತದೆ. ಬೊಂಬೆಯ ಮೇಲೆ ಇದನ್ನು ಅನುಭವಿಸಿದ ವಿದ್ಯಾರ್ಥಿಗಳು ಓದಿನಲ್ಲೂ ಪರೀಕ್ಷೆಯ ಹಿಂದಿನ ರಾತ್ರಿಯ ಗುದ್ದಾಟ ಬಿಟ್ಟದ್ದನ್ನು ಕಂಡಿದ್ದೇನೆ. ಅದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

## ಕಷ್ಟದ ಪ್ರಶ್ನೆಗಳು

ಕಳೆದ ವಾರದ ಕರೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಪುಸ್ತಕ ಹಿಡಿದರೂ ಅದೇ. ನಾನು ಈ ಕೆಲಸಕ್ಕೆ ತಕ್ಕವನಲ್ಲವೇ?

ನೀವು ಕಂಡದ್ದು ಕಾಡದೆ ಇದ್ದಿದ್ದರೆ ಅದೇ ವಿಚಿತ್ರ. ಸಾವನ್ನೋ ಮಗುವಿನ ಗಾಯವನ್ನೋ ಹತ್ತಿರದಿಂದ ನೋಡಿದ ಮೇಲೆ ದೃಶ್ಯ ಮರುಕಳಿಸುವುದು, ನಿದ್ದೆ ಚದುರುವುದು, ಸಣ್ಣದಕ್ಕೂ ಸಿಡುಕುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಸಾಮಾನ್ಯ. ಹೆಚ್ಚಿನವರಲ್ಲಿ ಕೆಲವು ದಿನ, ಕೆಲವು ವಾರಗಳಲ್ಲಿ ಇದು ತಾನಾಗಿ ತಗ್ಗುತ್ತದೆ. ಇದರಿಂದ ನಿಮ್ಮ ಯೋಗ್ಯತೆಯನ್ನು ಅಳೆಯಬೇಡಿ.

ಮೊದಲ ದಿನಗಳಲ್ಲಿ ಊಟ, ನಿದ್ದೆ, ನಡಿಗೆ ತಪ್ಪಿಸಬೇಡಿ. ಜೊತೆಗಿದ್ದ ಸಹೋದ್ಯೋಗಿಯೊಂದಿಗೆ ಮಾತನಾಡಿ, ನಿಮಗೆ ಮಾತನಾಡಬೇಕು ಅನ್ನಿಸಿದಾಗ ಮಾತ್ರ. ಘಟನೆಯ ಬೆನ್ನಿಗೇ ಎಲ್ಲರನ್ನೂ ಕೂಡಿಸಿ, ಅನುಭವಿಸಿದ್ದನ್ನೆಲ್ಲ ಒಂದೇ ಕೂಟದಲ್ಲಿ ಕಡ್ಡಾಯವಾಗಿ ಹೇಳಿಸುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಅದರಿಂದ ಮುಂದಿನ ಮಾನಸಿಕ ಆಘಾತ ತಡೆಯಲಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ. ಒತ್ತಾಯಿಸಿದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಮದ್ಯದಿಂದ ನಿದ್ದೆ ಬರಿಸಿಕೊಳ್ಳುವ ದಾರಿ ಹಿಡಿಯಬೇಡಿ.

ಒಂದು ತಿಂಗಳಾದರೂ ದೃಶ್ಯಗಳು ಬಿಡದಿದ್ದರೆ, ಆ ಜಾಗದ ಹತ್ತಿರವೂ ಹೋಗಲಾಗದಿದ್ದರೆ, ತರಗತಿಗಳು ತಪ್ಪುತ್ತಿದ್ದರೆ ಮನೋವೈದ್ಯರನ್ನೋ ಕಾಲೇಜಿನ ಆಪ್ತಸಲಹೆಗಾರರನ್ನೋ ಕಾಣಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ತಿಂಗಳು ಕಾಯಬೇಡಿ, ಆ ದಿನವೇ ಯಾರಿಗಾದರೂ ಹೇಳಿ, ಸಹಾಯ ಪಡೆಯಿರಿ. ಪಾಳಿಯಿಂದ ತಾತ್ಕಾಲಿಕವಾಗಿ ಹೆಸರು ತೆಗೆಸುವುದು ಒಂದು ಫೋನ್ ಕರೆಯಷ್ಟೇ ಸುಲಭವಾಗಿರಬೇಕು. ಕಾರಣ ಕೇಳದೆ ತೆಗೆಯುವುದು ನನ್ನ ರೂಢಿ.

ಪರೀಕ್ಷೆಯ ಹಿಂದಿನ ದಿನ ಇಂಥ ಕರೆಗೆ ಹೋಗಿಬಂದಿದ್ದರೆ ಕಾಲೇಜಿಗೆ ಆ ಬೆಳಿಗ್ಗೆಯೇ ತಿಳಿಸಿ, ಮುಂದೂಡಲು ಸಾಧ್ಯವೇ ಕೇಳಿ. ಬೇಕಾದ ಪತ್ರವನ್ನು ತಂಡ ಬರೆದುಕೊಡಬೇಕು.

ರೋಗಿ ನನ್ನದೇ ತರಗತಿಯವನಾಗಿದ್ದರೆ?

ಕಾಲೇಜಿನ ತಂಡಗಳಲ್ಲಿ ಇದು ಆಗಿಯೇ ಆಗುತ್ತದೆ. ಬೇರೆಯವರು ಲಭ್ಯವಿದ್ದರೆ ಆರೈಕೆಯನ್ನು ಅವರಿಗೆ ಬಿಟ್ಟು ನೀವು ಸಾಮಗ್ರಿ ಕೊಡುವ, ದಾರಿ ಬಿಡಿಸುವ ಕೆಲಸಕ್ಕೆ ಸರಿಯಿರಿ. ಯಾರೂ ಇಲ್ಲದಿದ್ದರೆ ಕಲಿತಂತೆ ಮಾಡಿ. ಆಮೇಲೆ ಬಾಯಿ ಮುಚ್ಚಿರುವುದೇ ಕಷ್ಟದ ಭಾಗ. ಅವನು ಏನು ಸೇವಿಸಿದ್ದ, ಯಾರ ಹೆಸರು ಹೇಳಿ ಅತ್ತ, ಯಾವ ಮಾತ್ರೆ ತೆಗೆದುಕೊಳ್ಳುತ್ತಾನೆ ಎಂಬುದೆಲ್ಲ ಅವನ ಆಸ್ತಿ. "ನಿನ್ನೆ ಆಂಬುಲೆನ್ಸ್ ಬಂದಿತ್ತಲ್ಲ, ಯಾರಿಗೆ?" ಎಂದು ಕೇಳುವ ಗೆಳೆಯರಿಗೆ "ಹೇಳುವಂತಿಲ್ಲ" ಎಂಬ ಒಂದೇ ಉತ್ತರ. ಹೆಸರು ಬಿಟ್ಟು ಕಥೆ ಹೇಳಿದರೂ ಸಣ್ಣ ಕಾಲೇಜಿನಲ್ಲಿ ಗುರುತು ಸಿಗುತ್ತದೆ. ಫೋಟೊ ತೆಗೆದವರನ್ನು ನಾನು ಮತ್ತೆ ಪಟ್ಟಿಗೆ ಸೇರಿಸಿಲ್ಲ.

ಅವನೇ ಮರುದಿನ ಎದುರು ಸಿಕ್ಕರೆ ಎಂದಿನಂತೆ ನಮಸ್ಕಾರ ಹೇಳಿ. ಆ ವಿಷಯ ಎತ್ತುವುದು ಬಿಡುವುದು ಅವನಿಗೆ ಸೇರಿದ್ದು.

ಬಳಸಿದ ಸೂಜಿ ಚುಚ್ಚಿಬಿಟ್ಟರೆ? ಮರುದಿನ ಪರೀಕ್ಷೆ ಇದ್ದರೆ?

ಪರೀಕ್ಷೆ ಕಾಯಬಹುದು, ಇದು ಕಾಯುವುದಿಲ್ಲ. ಗಾಯವನ್ನು ಕೂಡಲೇ ಸಾಬೂನು ಮತ್ತು ನೀರಿನಿಂದ ತೊಳೆಯಿರಿ, ಹಿಂಡಬೇಡಿ. ಪಾಳಿಯ ನಾಯಕರಿಗೆ ಆ ಕ್ಷಣವೇ ತಿಳಿಸಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯ ಔಷಧವನ್ನು ವೈದ್ಯರು ಬೇಕೆಂದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು, 28 ದಿನ ತೆಗೆದುಕೊಳ್ಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಅಂಕಗಳು ಇಳಿದಿವೆ. ಸೇವೆ ಬಿಡಬೇಕೇ?

ಮೊದಲು ಕಾರಣ ಹುಡುಕಿ. ಒಂದು ತಿಂಗಳು ಹೊತ್ತು ಎಲ್ಲಿ ಹೋಗುತ್ತಿದೆ ಎಂದು ಬರೆದಿಡಿ. ಎಷ್ಟೋ ಸಲ ಪಾಳಿಯ ಆರು ಗಂಟೆಗಿಂತ, ಪಾಳಿಯಿಲ್ಲದ ದಿನವೂ ಠಾಣೆಯಲ್ಲಿ ಕುಳಿತು ಹರಟುವ ಹೊತ್ತೇ ಹೆಚ್ಚಿರುತ್ತದೆ. ಆ ಒಡನಾಟ ಹಿತವಾದದ್ದು, ನನಗೆ ಗೊತ್ತು. ಆದರೆ ಅದನ್ನು ಸೇವೆಯ ಲೆಕ್ಕಕ್ಕೆ ಬರೆಯಲಾಗದು. ಪಾಳಿಯೇ ಕಾರಣವಾಗಿದ್ದರೆ ಅರ್ಧಕ್ಕೆ ಇಳಿಸಿ, ಮುಂದಿನ ಆಂತರಿಕ ಪರೀಕ್ಷೆಯವರೆಗೆ ನೋಡಿ. ಆಗಲೂ ಏರದಿದ್ದರೆ ಒಂದು ಸೆಮಿಸ್ಟರ್ ಪೂರ್ತಿ ನಿಲ್ಲಿಸಿ.

ವಿದ್ಯಾರ್ಥಿವೇತನಕ್ಕೆ ಕನಿಷ್ಠ ಅಂಕದ ಷರತ್ತು ಇರುವವರು ಈ ಹಂತಗಳನ್ನು ದಾಟುತ್ತ ಕೂರಬೇಡಿ, ಆ ಗೆರೆಯ ಹತ್ತಿರ ಬಂದ ಕೂಡಲೇ ನಿಲ್ಲಿಸಿ. ಓದು ಮುಗಿದು ಕೆಲಸ ಸಿಕ್ಕ ಮೇಲೆ ದಶಕಗಳ ಕಾಲ ಸೇವೆ ಮಾಡಲು ಸಾಧ್ಯವಿದೆ. ನಮ್ಮಲ್ಲಿ ಹಾಗೆ ಮರಳಿ ಬಂದವರೇ ಈಗ ಪಾಳಿಯ ನಾಯಕರು.

ದೊಡ್ಡ ದುರಂತ ನಡೆದರೆ ಪರೀಕ್ಷೆಯನ್ನೂ ಬಿಟ್ಟು ಹೋಗಬೇಕಲ್ಲವೇ?

ಕರೆಯದೆ ಹೋಗಬೇಡಿ. ದೊಡ್ಡ ದುರಂತದ ಮೊದಲ ಗಂಟೆಗಳಲ್ಲಿ ಸ್ಥಳದಲ್ಲಿ ಜನ ಕಡಿಮೆಯಿರುವುದಕ್ಕಿಂತ, ಯಾರ ಆಜ್ಞೆಗೂ ಒಳಪಡದ ಜನ ಹೆಚ್ಚಾಗುವುದೇ ತೊಂದರೆ. ಗಾಯಾಳುಗಳನ್ನು ಅಲ್ಲಿ ಬಣ್ಣಗಳಿಂದ ವಿಂಗಡಿಸುತ್ತಾರೆ: ತಕ್ಷಣ ಚಿಕಿತ್ಸೆ ಬೇಕಾದವರಿಗೆ ಕೆಂಪು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆಯಬಲ್ಲವರಿಗೆ ಹಸಿರು, ಬದುಕುಳಿಯುವ ಭರವಸೆಯಿಲ್ಲದವರಿಗೆ ಮತ್ತು ಮೃತರಿಗೆ ಕಪ್ಪು. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಸ್ಟಾರ್ಟ್ ಎಂಬ ವಿಂಗಡಣೆಯ ಪದ್ಧತಿಯಲ್ಲಿ ಒಬ್ಬೊಬ್ಬರನ್ನು ಒಂದು ನಿಮಿಷದೊಳಗೆ ನೋಡಿ ಮುಗಿಸಬೇಕು. ಈ ಶಿಸ್ತಿನ ನಡುವೆ ತಾನೇ ತಾನಾಗಿ ನುಗ್ಗಿದವರು ಅಡ್ಡಿಯಾಗುತ್ತಾರೆ, ಕೆಲವೊಮ್ಮೆ ತಾವೇ ಗಾಯಾಳುಗಳಾಗುತ್ತಾರೆ.

ಸಂಯೋಜಕರಿಗೆ ಒಂದು ಸಂದೇಶ ಕಳಿಸಿ: ಪರೀಕ್ಷೆ ಇಷ್ಟು ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಲಭ್ಯ. ಮೊದಲ ದಿನ ನುಗ್ಗುವವರು ಮೂರನೆಯ ದಿನ ಸುಸ್ತಾಗಿ ಮಲಗಿರುತ್ತಾರೆ. ಆಶ್ರಯ ಕೇಂದ್ರದಲ್ಲಿ ಔಷಧದ ಪಟ್ಟಿ ಮಾಡಲು, ಕಳೆದುಹೋದವರ ಮಾಹಿತಿ ಬರೆಯಲು, ದಣಿದವರನ್ನು ಬಿಡುಗಡೆ ಮಾಡಲು ಜನ ಬೇಕಾಗುವುದು ಆಗಲೇ. ಪರೀಕ್ಷೆ ಬರೆದು ಬಂದ ನಿಮ್ಮಂಥವರನ್ನು ಆಗ ಎರಡೂ ಕೈ ಚಾಚಿ ಸ್ವಾಗತಿಸುತ್ತೇವೆ.

ಕೊನೆಯ ವರ್ಷದಲ್ಲಿದ್ದೇನೆ. ಪಾಳಿಯ ನಾಯಕತ್ವ ವಹಿಸಿಕೊಳ್ಳಲು ಕೇಳುತ್ತಿದ್ದಾರೆ. ಒಪ್ಪಲೇ?

ನಾಯಕತ್ವ ಎಂದರೆ ಪಾಳಿಯ ಹೊರಗಿನ ಕೆಲಸ: ಬಾರದವರ ಬದಲಿಗೆ ಜನ ಹುಡುಕುವುದು, ಜಗಳ ಬಿಡಿಸುವುದು, ವರದಿ ತಿದ್ದುವುದು. ಇದಕ್ಕೆ ಹೊತ್ತುಗೊತ್ತಿಲ್ಲ. ಪ್ರಾಜೆಕ್ಟ್ ಮತ್ತು ಉದ್ಯೋಗದ ಸಂದರ್ಶನ ಎರಡೂ ಇರುವ ಸೆಮಿಸ್ಟರ್‌ನಲ್ಲಿ ಒಬ್ಬರೇ ಒಪ್ಪಬೇಡಿ, ಇಬ್ಬರು ಹಂಚಿಕೊಳ್ಳಿ, ಅದರಲ್ಲಿ ಒಬ್ಬರು ಕಿರಿಯ ವರ್ಷದವರಾಗಿರಲಿ. ನೀವು ಓದು ಮುಗಿಸಿ ಹೊರಡುವ ದಿನ ಕೆಲಸ ಬಲ್ಲವರೊಬ್ಬರು ಅಲ್ಲಿರುತ್ತಾರೆ.

ಈ ಅನುಭವವನ್ನು ಉದ್ಯೋಗದ ಅರ್ಜಿಯಲ್ಲಿ ಬರೆಯಬಹುದೇ?

ಬರೆಯಿರಿ, ಸಂಕೋಚ ಬೇಡ. ಪಡೆದ ತರಬೇತಿ, ಪ್ರಮಾಣಪತ್ರದ ಅವಧಿ, ವಹಿಸಿದ ಹೊಣೆ ಇಷ್ಟನ್ನು ನೇರವಾಗಿ ಬರೆಯಿರಿ. ಸಂದರ್ಶನದಲ್ಲಿ ರೋಗಿಗಳ ಕಥೆ ಹೇಳಬೇಡಿ. ಅಪರಿಚಿತರ ಜೊತೆ ಶಾಂತವಾಗಿ ಮಾತನಾಡಲು, ಅರೆಬರೆ ಮಾಹಿತಿಯಲ್ಲಿ ತೀರ್ಮಾನ ತೆಗೆದುಕೊಳ್ಳಲು ಕಲಿತ ಬಗೆಯನ್ನು ಹೇಳಿದರೆ ಸಾಕು. ಸೇವೆಯ ಪತ್ರವನ್ನು ತಂಡ ಬಿಡುವ ಮೊದಲೇ ಕೇಳಿ ಪಡೆದುಕೊಳ್ಳಿ. ಸಂಯೋಜಕರು ಬದಲಾದ ಮೇಲೆ ಹಳೆಯ ದಾಖಲೆ ಹುಡುಕಿಸುವುದು ಎಲ್ಲರಿಗೂ ಕಷ್ಟ.